ನೀರಿನಲ್ಲಿ ನಿಂತ ಗೋಥಿಕ್ ಚರ್ಚು ಮತ್ತು ದೊಡ್ಡಸ್ವಾಮಿ ದುಬುವಾ

ಮಡಂತ್ಯಾರು: ಬಂಟ್ವಾಳ, ಮಡಂತ್ಯಾರು, ಬೆಳ್ತಂಗಡಿ, ಮೂಡುಬಿದಿರೆ ಸುತ್ತಲಿನ ಹಳೆಯ ಕ್ರೈಸ್ತ ಮನೆತನಗಳ ನೆನಪಿನಲ್ಲಿ ಶ್ರೀರಂಗಪಟ್ಟಣದ ಸೆರೆ ಇಂದಿಗೂ ಮಾಸಿಲ್ಲ. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಬಂಧಿಸಿ ಘಟ್ಟ ಹತ್ತಿಸಲಾಯಿತು. ಸುಮಾರು 60,000 ಮಂದಿ ಎಂಬುದು ಪ್ರಚಲಿತ ಅಂದಾಜು. ಇತಿಹಾಸಕಾರರಲ್ಲಿ ಈ ಸಂಖ್ಯೆಯ ಕುರಿತು ಭಿನ್ನಾಭಿಪ್ರಾಯಗಳಿವೆ. ಹದಿನೈದು ವರ್ಷಗಳ ಬಳಿಕ, 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದಾಗ ಬದುಕುಳಿದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಘಟ್ಟದ ಮೇಲೆಯೇ ಉಳಿದವರ ನಡುವೆ ಬಂದು ನೆಲೆಸಿದ ಫ್ರೆಂಚ್ ಪಾದ್ರಿಯೇ ಜೀನ್ ಆಂಟೊನಿ ದುಬುವಾ. ಹಳೆಯ ಮೈಸೂರು ಸೀಮೆಯ ಜನರ ಬಾಯಲ್ಲಿ ಆತ ದೊಡ್ಡಸ್ವಾಮಿ.

ಇಂದು ಈ ಹೆಸರು ಹೆಚ್ಚಾಗಿ ಕೇಳಿಬರುವುದು ಒಂದು ಪಾಳು ಕಟ್ಟಡದ ಸಂದರ್ಭದಲ್ಲಿ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿ ನಿಂತಿರುವ ರೋಸರಿ ಚರ್ಚು ರಾಜ್ಯದ ಪ್ರಸಿದ್ಧ ಗೋಥಿಕ್ ಅವಶೇಷ. ಚೂಪು ಕಮಾನುಗಳು, ಎತ್ತರದ ಗೋಡೆಗಳು, ಛಾವಣಿಯಿಲ್ಲದ ಬಯಲು ಒಡಲು. 1979ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಊರು ಬೇರೆಡೆಗೆ ಸ್ಥಳಾಂತರಗೊಂಡಿತು, ಚರ್ಚು ಮಾತ್ರ ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅರ್ಧ ಮುಳುಗಿ, ಬೇಸಗೆಯಲ್ಲಿ ಒಣನೆಲದ ಮೇಲೆ ಎದ್ದು ನಿಲ್ಲುವ ಇದನ್ನು ನೋಡಲು ಬೆಂಗಳೂರು, ಮಂಗಳೂರುಗಳಿಂದ ಜನ ಬರುತ್ತಾರೆ. ಇದನ್ನು ಕಟ್ಟಿಸಿದವರು ಅಬ್ಬೆ ದುಬುವಾ ಎಂದು ಪ್ರವಾಸಿಗರಿಗೆ ಹೇಳುವುದೂ ರೂಢಿಯಾಗಿದೆ.

ಆದರೆ ಕಾಲಗಣನೆ ಇದಕ್ಕೆ ಒಪ್ಪುವುದಿಲ್ಲ. ಫ್ರೆಂಚ್ ಮಿಷನರಿಗಳು ಈ ಚರ್ಚನ್ನು ಕಟ್ಟಿದ್ದು 1860ರ ಸುಮಾರಿಗೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ದುಬುವಾ ಭಾರತ ಬಿಟ್ಟದ್ದು 1823ರಲ್ಲಿ, ತೀರಿಕೊಂಡದ್ದು 1848ರಲ್ಲಿ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಕಥೆಯೂ ಇಂಥದ್ದೇ. ಬ್ಲ್ಯಾಕ್‌ಪಲ್ಲಿ ಎಂದು ಕರೆಯಲಾಗುತ್ತಿದ್ದ ಆ ಜಾಗದಲ್ಲಿ 1810ರ ದಶಕದಲ್ಲಿ ದುಬುವಾ ಕಟ್ಟಿಸಿದ್ದು ಕಾಣಿಕೆ ಮಾತೆಯ ಸಣ್ಣ ಪ್ರಾರ್ಥನಾಲಯ ಮಾತ್ರ. ಇಂದು ಕಾಣುವ ಎತ್ತರದ ಗೋಥಿಕ್ ಗೋಪುರದ ಕಟ್ಟಡವನ್ನು ಫಾದರ್ ಕ್ಲೈನರ್ ಆರಂಭಿಸಿದ್ದು 1875ರಲ್ಲಿ. ಅದು ಮುಗಿದದ್ದು 1882ರಲ್ಲಿ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದಂತೂ 1933ರಲ್ಲಿ. ದುಬುವಾ ಅವರ ಕಾಲದಲ್ಲಿ ಮೈಸೂರು ಸೀಮೆಯ ಬಡ ಕ್ರೈಸ್ತರಿಗೆ ಇಂಥ ಗೋಪುರಗಳನ್ನು ಎತ್ತುವ ಶಕ್ತಿಯೂ ಇರಲಿಲ್ಲ, ಅಂದಿನ ಪಾದ್ರಿಗೆ ಆ ಹಂಬಲವೂ ಇದ್ದಂತಿಲ್ಲ.

ದುಬುವಾ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತ್ಯದ ಸೇಂಟ್ ರೆಮೆಜ್ ಎಂಬ ಹಳ್ಳಿಯಲ್ಲಿ, 1766ರಲ್ಲಿ. ಗುರುದೀಕ್ಷೆ ದೊರೆತದ್ದು 1792ರಲ್ಲಿ. ಫ್ರಾನ್ಸಿನಲ್ಲಿ ಕ್ರಾಂತಿಯ ಕಿಚ್ಚು ಪಾದ್ರಿಗಳತ್ತ ತಿರುಗಿದ್ದ ವರ್ಷವದು. ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಅವರು ಭಾರತದತ್ತ ಹೊರಟರು. ಪಾಂಡಿಚೇರಿಯ ಆಶ್ರಯದಲ್ಲಿ ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದ ಅವರು ಯೂರೋಪಿನ ಉಡುಪನ್ನು ಕಳಚಿಟ್ಟರು. ತಲೆಗೆ ರುಮಾಲು ಸುತ್ತಿ, ನಿಲುವಂಗಿ ತೊಟ್ಟು, ಬಿದಿರಿನ ಕೋಲು ಹಿಡಿದು ಊರೂರು ತಿರುಗಿದರು. ಮಾಂಸಾಹಾರ ತ್ಯಜಿಸಿದರು. ಜನ ಹತ್ತಿರ ಸೇರಿಸಬೇಕಾದರೆ ಜನರಂತೆಯೇ ಬದುಕಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು.

ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿನ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಅವರಿಗೆ ಕರೆ ಬಂತು. ಈ ಕರೆಯ ಹಿಂದೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸು ಇತ್ತೆನ್ನಲಾಗುತ್ತದೆ. ಸೆರೆಯಲ್ಲಿ ಮತ ಬದಲಿಸಬೇಕಾಗಿ ಬಂದವರು, ಚದುರಿಹೋದ ಕುಟುಂಬಗಳು, ಹೊಲಮನೆ ಕಳೆದುಕೊಂಡವರು ಅವರ ಮುಂದಿದ್ದರು. ಗಂಜಾಂನಲ್ಲಿ ಅವರ ಹೆಸರಿನಿಂದಲೇ ಗುರುತಿಸುವ ಚರ್ಚು ಇಂದಿಗೂ ಇದೆ. ಸರಳವಾದ ಕಟ್ಟಡ, ಗೋಥಿಕ್ ಆಡಂಬರವೇನೂ ಅದಕ್ಕಿಲ್ಲ. ಹಾಸನದ ಬಳಿಯ ಸಾತಹಳ್ಳಿಯಲ್ಲಿ ನೆಲೆಯಿಲ್ಲದವರಿಗಾಗಿ ಅವರು ಕೃಷಿ ನೆಲೆಯೊಂದನ್ನು ಸ್ಥಾಪಿಸಿದರು. ದೊಡ್ಡಸ್ವಾಮಿ ಎಂಬ ಹೆಸರು ಉಳಿದುಕೊಂಡದ್ದು ಹಾಸನದ ಆ ಸೀಮೆಯಲ್ಲೇ.

ಅದಕ್ಕಿಂತಲೂ ದೊಡ್ಡ ಕೆಲಸ ಸಿಡುಬಿನ ವಿರುದ್ಧ ನಡೆಯಿತು. ಜೆನ್ನರ್ ಇಂಗ್ಲೆಂಡಿನಲ್ಲಿ ಗೋಸಿಡುಬಿನ ಲಸಿಕೆಯ ಪ್ರಯೋಗ ನಡೆಸಿದ್ದು 1796ರಲ್ಲಿ. ಅದು ಭಾರತ ಮುಟ್ಟಿದ್ದು 1802ರಲ್ಲಿ, ಬೊಂಬಾಯಿಗೆ. ಶೀತಲ ಪೆಟ್ಟಿಗೆಯಾಗಲಿ ಸಿರಿಂಜಾಗಲಿ ಇರದ ಕಾಲ. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆಯಿಂದ ಮುಂದಿನವರ ತೋಳಿಗೆ ಅದನ್ನು ದಾಟಿಸಬೇಕಿತ್ತು. ಸರಪಳಿ ಎಲ್ಲಾದರೂ ಕಡಿದರೆ ಮತ್ತೆ ಮೊದಲಿನಿಂದ ಆರಂಭ. ಅಪರಿಚಿತರ ಮೈಯ ಕೀವು ತಮ್ಮ ಮೈ ಸೇರುವುದನ್ನು ಜಾತಿಪದ್ಧತಿ ಬಿಗಿಯಾಗಿದ್ದ ಸಮಾಜ ಸುಲಭವಾಗಿ ಒಪ್ಪುವಂತಿರಲಿಲ್ಲ. ಹೀಗಿದ್ದೂ 1803-04ರ ಅವಧಿಯಲ್ಲಿ ದುಬುವಾ ಅವರ ಮುತುವರ್ಜಿಯಿಂದ 25,000ಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿ, ಹೆಸರು ದಾಖಲಿಸಲಾಯಿತು. ಲಸಿಕೆ ಬೊಂಬಾಯಿಗೆ ಬಂದ ಎರಡೇ ವರ್ಷಗಳೊಳಗೆ ಮೈಸೂರಿನಲ್ಲಿ ನಡೆದ ಈ ಕಾರ್ಯಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಜಾಗ ಸಿಗಬೇಕಿತ್ತು.

ಹೊರಜಗತ್ತು ಅವರನ್ನು ಬಲ್ಲದ್ದು ಮಾತ್ರ ಬೇರೊಂದು ಕಾರಣಕ್ಕೆ. ಹಿಂದೂಗಳ ರೀತಿನೀತಿ, ಆಚಾರ, ವಿಧಿಗಳ ಕುರಿತು ಅವರು ಸಿದ್ಧಪಡಿಸಿದ ಫ್ರೆಂಚ್ ಹಸ್ತಪ್ರತಿ ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಕೈಸೇರಿತು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಮೆಚ್ಚಿ, 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ 2,000 ಪಗೋಡಗಳಿಗೆ ಕೊಂಡರು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಹೊರಬಂತು. 1825ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಆವೃತ್ತಿ ಪ್ರಕಟವಾಯಿತು. 1897ರಲ್ಲಿ ಬ್ಯೂಷಾಂಪ್ ಹೊಸದಾಗಿ ಅನುವಾದಿಸಿದ ಬಳಿಕವಂತೂ ಭಾರತಕ್ಕೆ ಬರುವ ಬ್ರಿಟಿಷ್ ಅಧಿಕಾರಿಗಳಿಗೆ ಅದು ಕೈಪಿಡಿಯಂತಾಯಿತು.

ಆ ಕೀರ್ತಿಗೂ 1987ರಲ್ಲಿ ಪೆಟ್ಟು ಬಿತ್ತು. ಗ್ರಂಥದ ಬಹುಭಾಗಕ್ಕೆ ಮೂಲ, ಜೆಸ್ವಿಟ್ ಪಾದ್ರಿ ಗಾಸ್ತೊ ಕೂರ್ದು ಅವರ ಬರಹ ಎಂಬುದನ್ನು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ ಹಸ್ತಪ್ರತಿಗಳ ಹೋಲಿಕೆಯಿಂದ ತೋರಿಸಿಕೊಟ್ಟರು. ಕೂರ್ದು ತೀರಿಕೊಂಡದ್ದು 1779ರಲ್ಲಿ, ದುಬುವಾ ಭಾರತಕ್ಕೆ ಬರುವುದಕ್ಕೆ ಬಹಳ ಮುನ್ನ. ಸಂಸ್ಕೃತಕ್ಕೂ ಗ್ರೀಕ್, ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್‌ಗಿಂತ ಮೊದಲೇ ಗಮನಿಸಿದ್ದ ಈ ವಿದ್ವಾಂಸನ ಹೆಸರನ್ನು ದುಬುವಾ ತಮ್ಮ ಗ್ರಂಥದಲ್ಲಿ ಕಾಣಿಸಲೇ ಇಲ್ಲ. ಮೈಸೂರು ಸೀಮೆಯಲ್ಲಿ ತಾವೇ ಕಂಡ ಸಂಗತಿಗಳನ್ನು ಸೇರಿಸಿದ್ದಾರೆ, ತಿದ್ದಿ ಬೆಳೆಸಿದ್ದಾರೆ, ನಿಜ. ಆದರೂ ಇದು ಸಣ್ಣ ಲೋಪವೆಂದು ತಳ್ಳಿಹಾಕುವಂಥದ್ದಲ್ಲ.

ಕೊನೆಯ ವರ್ಷಗಳಲ್ಲಿ ಮತಪ್ರಚಾರದ ಬಗ್ಗೆಯೇ ಅವರ ಭರವಸೆ ಬತ್ತಿಹೋಯಿತು. ಹಿಂದೂಗಳನ್ನು ಕ್ರೈಸ್ತ ಧರ್ಮಕ್ಕೆ ತರುವುದು ಆಗದ ಮಾತು ಎಂದು ವಾದಿಸಿದ ಅವರ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದಾಗ ಪ್ರಾಟೆಸ್ಟಂಟ್ ಮಿಷನರಿಗಳು ಕೆರಳಿ ಪ್ರತ್ಯುತ್ತರದ ಪುಸ್ತಕಗಳನ್ನೇ ಬರೆದರು. ಅಷ್ಟರಲ್ಲಿ, ಅದೇ ವರ್ಷದ ಜನವರಿಯಲ್ಲಿ, ಕಂಪನಿ ಕೊಟ್ಟ ಪಿಂಚಣಿಯೊಂದಿಗೆ ದುಬುವಾ ಹಡಗು ಹತ್ತಿಯಾಗಿತ್ತು. ಪ್ಯಾರಿಸ್ಸಿನಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್‌ಗೆ ತಂದರು. 1836ರಿಂದ 1839ರವರೆಗೆ ತಮ್ಮ ಮಿಷನ್ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಭಾರತಕ್ಕೆ ಮತ್ತೆ ಬರಲಿಲ್ಲ. 1848ರ ಫೆಬ್ರವರಿಯಲ್ಲಿ, ಪ್ಯಾರಿಸ್ ಮತ್ತೊಂದು ಕ್ರಾಂತಿಯ ಹೊಸ್ತಿಲಲ್ಲಿದ್ದಾಗ, ಅವರು ಕೊನೆಯುಸಿರೆಳೆದರು. ಶೆಟ್ಟಿಹಳ್ಳಿಯ ಕಮಾನುಗಳಿಗೆ ಕಲ್ಲು ಕೂಡಿಸಲು ಆಗ ಇನ್ನೂ ಹನ್ನೆರಡು ವರ್ಷಗಳಷ್ಟು ಕಾಲವಿತ್ತು.