ಜನರಲ್ ತಿಮ್ಮಯ್ಯ ಯಾವ ‘ಟೈಪ್’? ವ್ಯಕ್ತಿತ್ವ ಪರೀಕ್ಷೆ ನಂಬುವ ಮುನ್ನ ಈ ಬದುಕನ್ನು ಓದಿ

ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಸಾಕು, ನೀವು ಯಾವ ಟೈಪ್, ನಿಮಗೆ ಯಾವ ಟೈಪ್‌ನ ಸಂಗಾತಿ ಹೊಂದುತ್ತಾರೆ, ಯಾವ ಟೈಪ್‌ನ ಬಾಸ್ ಜೊತೆ ಏಗುವುದು ಕಷ್ಟ ಎಂದು ಹೇಳುವ ಲಿಂಕ್‌ಗಳು ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಕೊಡವರು ಹುಟ್ಟಿನಿಂದಲೇ ಯೋಧರು, ಅವರ ಸ್ವಭಾವವೇ ಹಾಗೆ ಎಂಬ ಮಾತನ್ನೂ ಕೇಳಿರುತ್ತೀರಿ. ಎರಡರ ಬೇರೂ ಒಂದೇ: ಮನುಷ್ಯರನ್ನು ಕೆಲವೇ ಡಬ್ಬಿಗಳಲ್ಲಿ ತುಂಬಿ ಮುಚ್ಚಳ ಹಾಕಬಹುದು ಎಂಬ ನಂಬಿಕೆ. ಇದು ಎಷ್ಟು ನಿಜ ಎಂದು ನೋಡಲು ಕೊಡಗಿನ ಮಗ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಬದುಕು ಒಳ್ಳೆಯ ಉದಾಹರಣೆ.

ಒಂದೇ ಮನೆ, ಬೇರೆ ಬೇರೆ ದಾರಿ

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು, ಮಡಿಕೇರಿಯಲ್ಲಿ. ಕೂನೂರು, ಬೆಂಗಳೂರು ಮತ್ತು ಡೆಹ್ರಾಡೂನ್‌ಗಳಲ್ಲಿ ಓದಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು.

ಆಗ ಬ್ರಿಟಿಷರ ಸೇನೆ ನಡೆಯುತ್ತಿದ್ದುದೇ ಒಂದು ‘ಟೈಪ್’ ಸಿದ್ಧಾಂತದ ಮೇಲೆ. 1857ರ ದಂಗೆಯ ನಂತರ ಅವರು ಭಾರತೀಯರನ್ನು ಯೋಧ ಜನಾಂಗಗಳು, ಯೋಧರಲ್ಲದ ಜನಾಂಗಗಳು ಎಂದು ವಿಂಗಡಿಸಿದರು. ಪಂಜಾಬ್, ನೇಪಾಳದ ಕಡೆಯವರಿಗೆ ಮೊದಲ ಮಣೆ ಹಾಕಿ, ದಕ್ಷಿಣದವರ ನೇಮಕಾತಿಯನ್ನು ಕಡಿತ ಮಾಡಿದರು. ಇದಕ್ಕೆ ವಿಜ್ಞಾನದ ಆಧಾರ ಇರಲಿಲ್ಲ. ಯಾರನ್ನು ನಂಬಬಹುದು ಎಂಬ ರಾಜಕೀಯ ಲೆಕ್ಕಾಚಾರ ಇತ್ತು.

ತಿಮ್ಮಯ್ಯ ಅವರ ಮನೆಯನ್ನೇ ನೋಡಿ. ಮೂವರು ಸಹೋದರರೂ ಸೈನ್ಯ ಸೇರಿದರು. ಆದರೆ ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬರ್ಮಾದಲ್ಲಿ ಜಪಾನಿಯರ ವಿರುದ್ಧ ಹೋರಾಡುತ್ತಿದ್ದರೆ, ಸಹೋದರ ಪೊನ್ನಪ್ಪ ಸುಭಾಷರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ರಕ್ತ, ಒಂದೇ ಮನೆ, ನಿರ್ಧಾರಗಳು ಎದುರುಬದುರು. ಇನ್ನೊಬ್ಬ ಸಹೋದರ ಸೋಮಯ್ಯ ಕಾಶ್ಮೀರದ ಯುದ್ಧದಲ್ಲಿ ಪ್ರಾಣ ಕಳೆದುಕೊಂಡರು.

ಇಬ್ಬರು ಕೊಡವರು, ಎರಡು ಸ್ವಭಾವ

1948ರಲ್ಲಿ ತಿಮ್ಮಯ್ಯ ಕಾಶ್ಮೀರದಲ್ಲಿ 19ನೇ ಡಿವಿಷನ್‌ನ ಮುಖ್ಯಸ್ಥರಾಗಿದ್ದರು. ಅವರ ಮೇಲಧಿಕಾರಿ, ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪ. ಇಬ್ಬರೂ ಕೊಡವರು, ಸ್ವಭಾವ ಮಾತ್ರ ಅಜಗಜಾಂತರ. ಕಾರ್ಯಪ್ಪ ಶಿಸ್ತಿನ ಸಿಪಾಯಿ, ಉಡುಪಿನಿಂದ ಊಟದ ಮೇಜಿನವರೆಗೆ ಎಲ್ಲವೂ ನಿಯಮದಂತೆ ನಡೆಯಬೇಕು. ತಿಮ್ಮಯ್ಯ ನಗುನಗುತ್ತಾ ಜವಾನರ ನಡುವೆ ಬೆರೆಯುವವರು.

ಇಂದಿನ ಆ್ಯಪ್ ಆಗಿದ್ದರೆ ಇವರಿಬ್ಬರಿಗೆ ಹೊಂದಾಣಿಕೆ ಕಡಿಮೆ ಎಂದು ಹೇಳುತ್ತಿತ್ತೇನೋ. ಆದರೆ ಇಬ್ಬರೂ ಕೂಡಿ ಕೆಲಸ ಮಾಡಿದ ಫಲವೇ ಜೊಜಿಲಾ ವಿಜಯ. 11 ಸಾವಿರ ಅಡಿಗೂ ಎತ್ತರದ ಆ ಕಣಿವೆಗೆ ಟ್ಯಾಂಕ್ ಬರುವುದು ಅಸಾಧ್ಯ ಎಂದೇ ಶತ್ರು ಎಣಿಸಿದ್ದ. ಟ್ಯಾಂಕ್‌ಗಳ ಮೇಲ್ಭಾಗ ಕಳಚಿ, ಗುಟ್ಟಾಗಿ ಸಾಗಿಸಿ, 1948ರ ನವೆಂಬರ್ 1ರಂದು ದಾಳಿ ನಡೆಯಿತು. ಲೇಹ್‌ಗೆ ಹೋಗುವ ದಾರಿ ಮತ್ತೆ ನಮ್ಮ ಕೈಗೆ ಬಂತು.

ಮರುವರ್ಷ ಸೇನೆಯ ಮಹಾದಂಡನಾಯಕರಾದ ಕಾರ್ಯಪ್ಪ, ಎಲ್ಲ ಪ್ರದೇಶ, ಎಲ್ಲ ಜಾತಿಯವರೂ ಒಟ್ಟಿಗೆ ಇರುವ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಕಟ್ಟಿಸಿದರು. ಯೋಧ ಜನಾಂಗ ಎಂಬ ಸಿದ್ಧಾಂತಕ್ಕೆ ಅದು ನೇರ ಉತ್ತರವಾಗಿತ್ತು.

ಶಾಂತಿ ಕಾಯ್ದ ಯೋಧ

1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಅವರ ವಿಚಾರ ನೋಡಿಕೊಳ್ಳುವ ಐದು ದೇಶಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಕೂತು ದಾರಿ ಹುಡುಕುವುದೇ ಅವರ ಕೆಲಸ. ಹುಟ್ಟಾ ಯೋಧ ಎನಿಸಿಕೊಂಡವರು ಅಲ್ಲಿ ಗೆದ್ದಿದ್ದು ತಾಳ್ಮೆಯಿಂದ.

ಅದೇ ತಿಮ್ಮಯ್ಯ, ಸೇನಾ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಿಕೊಳ್ಳಲಾಗದೆ 1959ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು; ನೆಹರೂ ಒತ್ತಾಯಕ್ಕೆ ಹಿಂಪಡೆದರು. ಜಗಳ ಟೈಪ್‌ಗಳದ್ದಾಗಿರಲಿಲ್ಲ. ಸೇನೆಯ ಬಡ್ತಿಗಳನ್ನು ಯಾರು ನಿರ್ಧರಿಸಬೇಕು, ಗಡಿಯ ಸಿದ್ಧತೆ ಹೇಗಿರಬೇಕು ಎಂಬ ಗಟ್ಟಿ ಪ್ರಶ್ನೆಗಳು ಅದರ ಹಿಂದಿದ್ದವು.

1964ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೇತೃತ್ವ ವಹಿಸಿದ ಅವರು, 1965ರ ಡಿಸೆಂಬರ್ 18ರಂದು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ.

ಹಾಗಾದರೆ ಟೈಪ್ ಪರೀಕ್ಷೆ ಸುಳ್ಳೇ?

ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ, ಅಮೆರಿಕದ ತಾಯಿ-ಮಗಳು ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ 16 ಟೈಪ್‌ಗಳ ಪರೀಕ್ಷೆ ರೂಪಿಸಿದರು. ಇಬ್ಬರೂ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ತೊಂದರೆ ಇರುವುದು ಇಲ್ಲಿ: ಮಾತುಗಾರಿಕೆ, ಸಂಕೋಚದಂಥ ಗುಣಗಳು ಎತ್ತರ, ತೂಕದ ಹಾಗೆ, ಹೆಚ್ಚಿನವರು ನಡುವೆ ಇರುತ್ತಾರೆ. ನಡುವೆಯೇ ಗೆರೆ ಎಳೆದರೆ, ಕೆಲವೇ ವಾರಗಳ ನಂತರ ಮತ್ತೆ ಪರೀಕ್ಷೆ ಬರೆದವರಲ್ಲಿ ಅನೇಕರ ಟೈಪ್ ಬದಲಾಗುತ್ತದೆ.

ಆದರೂ ಫಲಿತಾಂಶ ನಮಗೇ ಬರೆದಂತೆ ಕಾಣುವುದೇಕೆ? 1948ರಲ್ಲಿ ಬರ್ಟ್ರಾಮ್ ಫೋರರ್ ತನ್ನ ವಿದ್ಯಾರ್ಥಿಗಳೆಲ್ಲರಿಗೂ ಒಂದೇ ವಿವರಣೆ ಕೊಟ್ಟು, ಇದು ನಿಮ್ಮದೇ ಎಂದು ನಂಬಿಸಿದರು. ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ ಸುಮಾರು 4.3!

ಇಂದು ಸಂಶೋಧಕರು ಹೆಚ್ಚು ಬಳಸುವುದು ಐದು ಗುಣಗಳ ಅಳತೆಯನ್ನು. ಅದರಲ್ಲಿ ಡಬ್ಬಿಗಳಿಲ್ಲ, ಪ್ರಮಾಣ ಮಾತ್ರ ಇದೆ. ದಂಪತಿಗಳ ಮೇಲಿನ ಅಧ್ಯಯನಗಳಲ್ಲೂ, ಇಬ್ಬರ ಸ್ವಭಾವ ಒಂದೇ ಆಗಿರುವುದಕ್ಕಿಂತ ಇಬ್ಬರೂ ಸೌಮ್ಯವಾಗಿ, ಸಮಾಧಾನದಿಂದ ಇರುವುದು ಹೆಚ್ಚು ಮುಖ್ಯ ಎಂದು ಕಂಡಿದೆ.

ಟೈಪ್ ಪರೀಕ್ಷೆಯನ್ನು ಮೋಜಿಗೆ ಆಡಿ, ಅಡ್ಡಿಯಿಲ್ಲ. ಆದರೆ ಅದನ್ನು ನೋಡಿ ಹುಡುಗ-ಹುಡುಗಿಯ ಸಂಬಂಧ ಬೇಡ ಎನ್ನುವುದು, ಒಬ್ಬರಿಗೆ ಕೆಲಸ ತಪ್ಪಿಸುವುದು ಬೇಡ. ಮನುಷ್ಯ ಏನು ಮಾಡಬಲ್ಲ ಎಂಬುದು ಅವನಿಗೆ ಸಿಗುವ ಅವಕಾಶ, ಎದುರಾಗುವ ಸಂದರ್ಭ, ಜೊತೆಗಿರುವ ಜನರನ್ನೂ ಅವಲಂಬಿಸಿದೆ. ಮುಂದಿನ ಸಲ ಇಂಥ ಲಿಂಕ್ ಬಂದಾಗ, ಅದರ ಜೊತೆ ಇದನ್ನೂ ಕಳಿಸಿ.