ಒಂದು ವರ್ಷಕ್ಕೆಂದು ಹೊರಟ ಸೊಲ್ಲಾಪುರದ ಡಾಕ್ಟರು

ನಾನು ಧನಕವಡಿಗೆ ಬಂದು ಒಂಬತ್ತು ವರ್ಷವಾಯಿತು. ತವರು ವಿಜಯಪುರ. ಎಂ.ಟೆಕ್ ಮುಗಿಸಿ ಪುಣೆಗೆ ಕೆಲಸಕ್ಕೆ ಬಂದವಳು ಇಲ್ಲೇ ಉಳಿದೆ. ಹಬ್ಬಕ್ಕೆ ಊರಿಗೆ ಹೊರಟರೆ ಸ್ವಾರಗೇಟ್‌ನಲ್ಲಿ ಬಸ್ ಹತ್ತಬೇಕು. ಇಂದಾಪುರ, ಮೋಹೋಳ ದಾಟಿ ಸೊಲ್ಲಾಪುರ ಬಂದಾಗ ಅರ್ಧ ಊರು ಸೇರಿದ ಹಾಗೆ. ಬಸ್ ನಿಲ್ದಾಣದಲ್ಲಿ ಕನ್ನಡ ಕಿವಿಗೆ ಬೀಳುತ್ತದೆ, ಸಿದ್ಧರಾಮೇಶ್ವರರ ಗುಡಿಯ ಕೆರೆ ನೆನಪಾಗುತ್ತದೆ, ಶೇಂಗಾ ಚಟ್ನಿಯ ಪೊಟ್ಟಣ ಚೀಲ ಸೇರುತ್ತದೆ. ಈ ಊರಿನ ಒಬ್ಬ ಡಾಕ್ಟರ ಬಗ್ಗೆ ನಾನು ಸರಿಯಾಗಿ ತಿಳಿದುಕೊಂಡದ್ದು ಮಾತ್ರ ಬಹಳ ತಡವಾಗಿ, ಅದೂ ನನ್ನ ತಮ್ಮನ ಜೊತೆ ಜಗಳವಾದ ಮೇಲೆ.

ತಮ್ಮ ಸರ್ಜನ್. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬೇರೆ ಬೇರೆ ದೇಶಗಳ ಸಾಮಾನ್ಯ ಜನ ಅಲ್ಲಿಗೆ ಹೋಗಿ ಸೇನೆ ಸೇರುತ್ತಿರುವ ಸುದ್ದಿ ದಿನವೂ ಬರುತ್ತಿತ್ತು. ಅವನಿಗೆ ಬಂದೂಕಿನ ಆಸೆಯೇನೂ ಇರಲಿಲ್ಲ. ಯುದ್ಧ ನಡೆಯುವ ಕಡೆ ಗಾಯಾಳುಗಳ ಚಿಕಿತ್ಸೆಗೆ ಹೋಗುವ ವೈದ್ಯರ ತಂಡವೊಂದಕ್ಕೆ ಅರ್ಜಿ ಹಾಕಿದ್ದ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಅವ್ವನ ಪರ ನಿಂತೆ. ನಮ್ಮದಲ್ಲದ ಯುದ್ಧ ನಿನಗ್ಯಾಕೆ ಎಂದು ಫೋನಿನಲ್ಲೇ ಕೂಗಾಡಿದೆ. ಕೊನೆಗೆ ಅವನು ಅರ್ಜಿ ಹಿಂತೆಗೆದುಕೊಂಡ. ಫೋನ್ ಇಡುವ ಮೊದಲು ಒಂದೇ ಮಾತು ಕೇಳಿದ್ದ, ಪ್ರತಿ ಸಲ ಸೊಲ್ಲಾಪುರ ದಾಟಿ ಬರ್ತೀಯಲ್ಲ, ಕೋಟ್ನಿಸ್ ಯಾರು ಅಂತ ಗೊತ್ತೇನು ಎಂದು. ಹೆಸರು ಗೊತ್ತಿತ್ತು, ಅಷ್ಟೇ.

ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಹುಟ್ಟಿದ್ದು 1910ರ ಅಕ್ಟೋಬರ್ 10ರಂದು, ಸೊಲ್ಲಾಪುರದ ಮಧ್ಯಮ ವರ್ಗದ ಮರಾಠಿ ಕುಟುಂಬದಲ್ಲಿ. ಆಗ ಸೊಲ್ಲಾಪುರ ಎಂದರೆ ಗಿರಣಿಗಳ ಊರು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳುತ್ತಿದ್ದ ಊರು. ಹುಡುಗ ಹತ್ತೊಂಬತ್ತರ ಹೊತ್ತಿಗೆ, 1930ರ ಮೇ ತಿಂಗಳಲ್ಲಿ, ಅಲ್ಲಿ ಬ್ರಿಟಿಷರ ಆಡಳಿತವೇ ಕೆಲವು ದಿನ ಕುಸಿದುಬಿದ್ದು ಮಾರ್ಷಲ್ ಲಾ ಜಾರಿಯಾಯಿತು. ಮುಂದಿನ ಜನವರಿಯಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ ಈ ನಾಲ್ವರನ್ನು ನಮ್ಮ ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾವು ಓಡಾಡುವ ಹುತಾತ್ಮಾ ಎಕ್ಸ್‌ಪ್ರೆಸ್ ರೈಲಿನ ಹೆಸರು ಅವರದೇ ನೆನಪು. ಇಂಥ ಊರಲ್ಲಿ ಬೆಳೆದ ಹುಡುಗನಿಗೆ ದೂರದ ಚೀನಾದವರ ಕಷ್ಟ ಬೇರೆಯವರದು ಅನ್ನಿಸದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗೆ ಅನಿಸುತ್ತದೆ.

ಮುಂಬೈಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದು. ಪದವಿ ಮುಗಿದು ಸ್ನಾತಕೋತ್ತರ ಪರೀಕ್ಷೆಗೆ ಸಿದ್ಧತೆ ನಡೆದಿತ್ತು. ಅತ್ತ 1937ರ ಜುಲೈನಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ಯುದ್ಧ ಹೂಡಿತ್ತು. ಚೀನಾದ ಸೇನಾನಿ ಝು ದೆ ನೆಹರೂ ಅವರಿಗೆ ಪತ್ರ ಬರೆದು ವೈದ್ಯರನ್ನು ಕಳಿಸಿಕೊಡಿ ಎಂದು ಕೇಳಿದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಕರೆ ಕೊಟ್ಟರು. ನಾವೇ ಇನ್ನೊಬ್ಬರ ಕೈಕೆಳಗಿದ್ದ ಕಾಲ ಅದು. ಆದರೂ ಜನ ಚೀನಾ ದಿನ ಆಚರಿಸಿ ಚಂದಾ ಎತ್ತಿದರು. ಸುಮಾರು 22,000 ರೂಪಾಯಿ ಕೂಡಿತು, ಒಂದು ಆಂಬ್ಯುಲೆನ್ಸ್ ಸಿದ್ಧವಾಯಿತು. ಅಲಹಾಬಾದಿನ ಮದನಮೋಹನ ಅಟಲ್, ನಾಗಪುರದ ಚೋಳ್ಕರ್, ಕೋಲ್ಕತ್ತಾದ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ಕೋಟ್ನಿಸ್, ಹೀಗೆ ಐವರು ಡಾಕ್ಟರು. ತಂಡದ ಮುಖ್ಯಸ್ಥ ಅಟಲ್ ಅದಕ್ಕೂ ಮೊದಲು ಸ್ಪೇನಿನ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದವರು. ಕೋಟ್ನಿಸ್ ಎಲ್ಲರಿಗಿಂತ ಕಿರಿಯರ ಸಾಲಿನವರು, 28 ತುಂಬುವುದರಲ್ಲಿತ್ತು.

1938ರ ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನಿಂದ ಹಡಗು ಹೊರಟಿತು. ಹೋಗುವುದು ಒಂದು ವರ್ಷಕ್ಕೆ ಎಂದೇ ಲೆಕ್ಕ. ನಮ್ಮ ಆಫೀಸಿನಲ್ಲಿ ಆನ್‌ಸೈಟ್‌ಗೆ ಆರು ತಿಂಗಳು ಎಂದು ಹೋದವರು ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಪಡೆದು ಅಲ್ಲೇ ಉಳಿಯುವುದನ್ನು ನೋಡಿದ್ದೇನೆ. ಆದರೆ ಬಾಂಬು ಬೀಳುವ ಕಡೆ ಎಕ್ಸ್‌ಟೆನ್ಷನ್ ಕೇಳಿದವರನ್ನು ಕಂಡಿಲ್ಲ.

ಹಾಂಕೋ, ಅಲ್ಲಿಂದ ಯಿಚಾಂಗ್, ಅಲ್ಲಿಂದ ಚುಂಗ್‌ಕಿಂಗ್. ಜಪಾನೀಯರು ಮುಂದೆ ಮುಂದೆ ಬಂದಂತೆ ಆಸ್ಪತ್ರೆಗಳೂ ಜನರೂ ಹಿಂದೆ ಹಿಂದೆ ಸರಿಯುತ್ತಿದ್ದರು. ಚೀನಾದವರು ಐವರಿಗೂ ಹೊಸ ಹೆಸರಿಟ್ಟರು, ಪ್ರತಿ ಹೆಸರಿನ ಕೊನೆಗೂ ಚೀನಾ ಎಂಬರ್ಥದ ಹುವಾ. ಕೋಟ್ನಿಸ್ ಕೆ ದಿಹುವಾ ಆದರು. ಚುಂಗ್‌ಕಿಂಗಿನಲ್ಲಿದ್ದಾಗ ಮನೆಯಿಂದ ಸುದ್ದಿ ಬಂತು, ತಂದೆ ತೀರಿಕೊಂಡಿದ್ದರು. ಸೊಲ್ಲಾಪುರದಲ್ಲಿ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು. ಆ ಹೊತ್ತಿಗೆ ವಾಪಸ್ ಬಂದಿದ್ದರೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಅವರು ಬರಲಿಲ್ಲ. ತಂಡದ ಜೊತೆ ಉತ್ತರಕ್ಕೆ, ಕಮ್ಯುನಿಸ್ಟರ ನೆಲೆಯಾದ ಯೆನಾನ್‌ಗೆ ಹೊರಟರು; 1939ರ ಫೆಬ್ರವರಿಯಲ್ಲಿ ಅಲ್ಲಿ ಮುಟ್ಟಿದರು.

ಇದನ್ನು ಓದುವಾಗ ನನಗೆ ಮೊದಲು ಬಂದದ್ದು ಗೌರವವಲ್ಲ, ಸಿಟ್ಟು. ಗಂಡನನ್ನು ಕಳೆದುಕೊಂಡ ತಾಯಿಯ ಬಳಿ ಬಾರದ ಮಗ ಎಂಥವನು ಅನ್ನಿಸಿತು. ಈಗಲೂ ಆ ಪ್ರಶ್ನೆ ಪೂರ್ತಿ ಬಿಟ್ಟಿಲ್ಲ.

ಒಂದು ವರ್ಷದ ಅವಧಿ ಮುಗಿಯಿತು. 1939ರಲ್ಲೇ ಚೋಳ್ಕರ್ ಮತ್ತು ಮುಖರ್ಜಿ ಭಾರತಕ್ಕೆ ಮರಳಿದರು. ಮುಂದಿನ ವರ್ಷ ಅಟಲ್ ಮರಳಿದರು. ಇವರೆಲ್ಲ ಹೇಳಿದ ಕೆಲಸ ಮಾಡಿಯೇ ಬಂದವರು, ಅದರಲ್ಲಿ ಕುಂದೇನಿಲ್ಲ. ಬಸು ಮತ್ತು ಕೋಟ್ನಿಸ್ ಮಾತ್ರ ಇನ್ನೂ ಮುಂದಕ್ಕೆ, ಜಪಾನೀಯರು ಸುತ್ತುವರಿದ ಗುಡ್ಡಗಾಡಿನ ಗಡಿಪ್ರದೇಶಕ್ಕೆ ಹೋದರು. ಕೆನಡಾದಿಂದ ಬಂದು ಅಲ್ಲಿ ದುಡಿಯುತ್ತಿದ್ದ ಸರ್ಜನ್ ನಾರ್ಮನ್ ಬೆಥೂನ್ 1939ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಆಪರೇಷನ್ ಮಾಡುವಾಗ ಬೆರಳಿಗೆ ಆದ ಗಾಯ ನಂಜಾಗಿ ಸತ್ತರು. 1941ರ ಜನವರಿಯಲ್ಲಿ ಅವರ ಹೆಸರಿನ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ ಕೋಟ್ನಿಸ್ ನಿರ್ದೇಶಕರಾದರು. ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಹಳ್ಳಿಯ ಮನೆಗಳೇ ವಾರ್ಡು. ಶತ್ರು ಬಂದರೆ ರೋಗಿಗಳನ್ನೂ ಸಾಮಾನನ್ನೂ ಹೊತ್ತು ಬೇರೆ ಹಳ್ಳಿಗೆ ನಡೆಯಬೇಕು. ಔಷಧಿಗೆ ಸದಾ ಕೊರತೆ.

1940ರಲ್ಲಿ ನೂರು ರೆಜಿಮೆಂಟುಗಳ ಕಾಳಗ ಎಂದು ಹೆಸರಾದ ದೊಡ್ಡ ದಾಳಿ ನಡೆಯಿತು. ಕೋಟ್ನಿಸ್ ಯುದ್ಧದ ಸಾಲಿಗೆ ಹತ್ತಿರದಲ್ಲೇ ಆಪರೇಷನ್ ಟೇಬಲ್ ಹಾಕಿಸಿದರು. ಒಮ್ಮೆ 72 ಗಂಟೆ ನಿದ್ದೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿದರು, ಆ ಕಾಳಗದಲ್ಲಿ 800ಕ್ಕೂ ಹೆಚ್ಚು ಗಾಯಾಳುಗಳನ್ನು ನೋಡಿದರು ಎನ್ನುತ್ತವೆ ಅವರ ಜೀವನಚರಿತ್ರೆಗಳು. ಎಂಟನೇ ಮಾರ್ಗ ಸೇನೆಗೆ ಸೇರಿ ಅವರದೇ ಸಮವಸ್ತ್ರ ತೊಟ್ಟರು. ಚೀನೀ ಭಾಷೆ ಕಲಿತು ಆ ಭಾಷೆಯಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕ ಬರೆಯಲು ಕೂತರು. ಒಂಬತ್ತು ವರ್ಷವಾದರೂ ಪಕ್ಕದ ಫ್ಲ್ಯಾಟಿನ ಆಜಿಯ ಜೊತೆ ತಪ್ಪಿಲ್ಲದೆ ಮರಾಠಿ ಮಾತಾಡಲು ಬಾರದ ನನಗೆ ಇದು ಯುದ್ಧಕ್ಕಿಂತ ದೊಡ್ಡ ಸಾಹಸವಾಗಿ ಕಂಡಿತು.

ಮಹಿಳಾ ವೇದಿಕೆಯ ಸಂಚಿಕೆಗೆ ಗಂಡಸಿನ ಕಥೆ ಯಾಕೆ ಎಂದು ನೀವು ಕೇಳಬಹುದು. ಗುವೊ ಚಿಂಗ್ಲಾನ್ ಬಗ್ಗೆ ಹೇಳಬೇಕಾಗಿದೆ, ಅದಕ್ಕೆ. ಆಕೆ ಬೆಥೂನ್ ಹೆಸರಿನ ವೈದ್ಯಕೀಯ ಶಾಲೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದ ಶಿಕ್ಷಕಿ. ಇಬ್ಬರೂ ಮೊದಲು ಕಂಡದ್ದು ಬೆಥೂನರ ಸಮಾಧಿಯ ಉದ್ಘಾಟನೆಯಲ್ಲಿ. 1941ರ ಕೊನೆಯಲ್ಲಿ ಮದುವೆ, 1942ರ ಆಗಸ್ಟ್ 23ಕ್ಕೆ ಮಗ. ಸೇನಾಪತಿ ನಿಯೆ ರಾಂಗ್‌ಜೆನ್ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಇಂಡಿಯಾ, ಹುವಾ ಎಂದರೆ ಚೀನಾ.

ಅಷ್ಟರಲ್ಲಿ ಕೋಟ್ನಿಸರಿಗೆ ಮೂರ್ಛೆರೋಗ ಅಂಟಿಕೊಂಡಿತ್ತು. ಫಿಟ್ಸ್ ಬಂದು ಹೋದ ಮೇಲೆ ಮತ್ತೆ ಕೆಲಸ. ಗುಣಪಡಿಸಿಕೊಳ್ಳಲು ಬೇರೆಡೆ ಹೋಗಿ ಎಂದು ಹೇಳಿದರೂ ಕೇಳಲಿಲ್ಲ. ಎರಡನೇ ಪಠ್ಯಪುಸ್ತಕ ಅರ್ಧದಲ್ಲಿತ್ತು. 1942ರ ಡಿಸೆಂಬರ್ 9ರಂದು ಫಿಟ್ಸ್ ಮೇಲೆ ಫಿಟ್ಸ್ ಬಂದು ಹೋಗಿಬಿಟ್ಟರು. ಆಗ ಅವರಿಗೆ 32. ಮಗುವಿಗೆ ಮೂರೂವರೆ ತಿಂಗಳು.

ಮುಂದಿನದನ್ನು ಎಲ್ಲರೂ ಚುಟುಕಾಗಿ ಹೇಳಿ ಮುಗಿಸುತ್ತಾರೆ. 1944ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ಪುಸ್ತಕ ಬರೆದರು, 1946ರಲ್ಲಿ ವಿ. ಶಾಂತಾರಾಮ್ ತಾವೇ ಡಾಕ್ಟರಾಗಿ ನಟಿಸಿ ಸಿನಿಮಾ ಮಾಡಿದರು, ಎರಡೂ ದೇಶ ಅಂಚೆಚೀಟಿ ತಂದವು. ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನಿಸ್ ಮನೆಯವರನ್ನು ಭೇಟಿಯಾಗುವುದು ರೂಢಿಯಾಯಿತು. ಸೊಲ್ಲಾಪುರದ ಅವರ ಮನೆ ಈಗ ಸ್ಮಾರಕ. ಶಿಜಿಯಾಝುವಾಂಗ್‌ನ ಹುತಾತ್ಮರ ಸ್ಮಶಾನದಲ್ಲಿ ಅವರ ಸಮಾಧಿಗೆ ಇಂದಿಗೂ ಹೂವು ಬೀಳುತ್ತದೆ.

ಗುವೊ ಚಿಂಗ್ಲಾನ್ ಮಾತ್ರ ಇನ್ನೂ 70 ವರ್ಷ ಬದುಕಿದ್ದರು. ಯುದ್ಧ ಮುಗಿಯದ ಊರಲ್ಲಿ ಕೈಗೂಸನ್ನು ಎತ್ತಿಕೊಂಡ ಇಪ್ಪತ್ತಾರರ ಹೆಂಗಸು. 1962ರಲ್ಲಿ ಭಾರತ-ಚೀನಾ ಯುದ್ಧವಾದಾಗ ಆಕೆಯ ಮಗನಿಗೆ 20 ವರ್ಷ. ಹೆಸರಿನಲ್ಲೇ ಎರಡೂ ದೇಶ ಇಟ್ಟುಕೊಂಡ ಹುಡುಗ ಆ ದಿನಗಳನ್ನು ಹೇಗೆ ಕಳೆದನೋ. ತಂದೆಯ ಹಾಗೆ ವೈದ್ಯಕೀಯ ಓದುತ್ತಿದ್ದ ಅವನೂ 1967ರಲ್ಲಿ, ಓದು ಮುಗಿಯುವ ಮೊದಲೇ ತೀರಿಕೊಂಡ. ಆಕೆ ಆಮೇಲೂ ಹಲವು ಸಲ ಭಾರತಕ್ಕೆ ಬಂದರು, ಗಂಡನ ಮನೆಯವರನ್ನು ಕಂಡರು, ತಮ್ಮ ನೆನಪುಗಳನ್ನು ಬರೆದಿಟ್ಟರು. 2012ರಲ್ಲಿ, 96ನೇ ವಯಸ್ಸಿನಲ್ಲಿ, ದಾಲಿಯನ್ ನಗರದಲ್ಲಿ ಕಣ್ಣುಮುಚ್ಚಿದರು. ಸ್ವಯಂಪ್ರೇರಣೆಯಿಂದ ಯುದ್ಧಕ್ಕೆ ಹೋದವರ ಪಟ್ಟಿಯಲ್ಲಿ ಇಂಥವರ ಹೆಸರು ಇರುವುದಿಲ್ಲ. ಸೊಲ್ಲಾಪುರದ ಆ ತಾಯಿಯ ಹೆಸರೂ ಇಲ್ಲ.

2024ರಲ್ಲಿ ನಮ್ಮ ಕಲಬುರಗಿ ಕಡೆಯ ಕೆಲವು ಹುಡುಗರು ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದಾಗ ಅವ್ವ ನನಗೆ ಫೋನ್ ಮಾಡಿದಳು. ನೋಡಿದೆಯಾ, ನಾವು ತಡೆದದ್ದು ಒಳ್ಳೆಯದಾಯಿತು ಎಂಬ ದನಿ. ನಾನು ಹೂಂ ಅನ್ನಲಾಗಲಿಲ್ಲ. ಆ ಹುಡುಗರಿಗೆ ಮೋಸವಾಗಿತ್ತು, ವಾಪಸ್ ಬರುವ ದಾರಿಗಾಗಿ ಅವರು ಅಂಗಲಾಚುತ್ತಿದ್ದರು. ಕೋಟ್ನಿಸರಿಗೆ ದಾರಿ ಮೂರು ಸಲ ತೆರೆದಿತ್ತು: ತಂದೆ ಸತ್ತಾಗ, ವರ್ಷ ಮುಗಿದಾಗ, ಕಾಯಿಲೆ ಬಿದ್ದಾಗ. ಮುಂಬೈಯಲ್ಲಿ ಹಡಗು ಹತ್ತಿದ್ದು ಇಪ್ಪತ್ತೇಳರ ಉತ್ಸಾಹ ಇರಬಹುದು. ಈ ಮೂರು ಸಲ ಅಲ್ಲೇ ನಿಂತದ್ದನ್ನು ಉತ್ಸಾಹ ಎಂದು ತಳ್ಳಿಹಾಕಲು ನನ್ನಿಂದ ಆಗುತ್ತಿಲ್ಲ.

ಕಳೆದ ದೀಪಾವಳಿಗೆ ಅವ್ವನನ್ನು ಪುಣೆಗೆ ಕರೆತರುವಾಗ ದಾರಿಯಲ್ಲಿ ಸೊಲ್ಲಾಪುರದಲ್ಲಿ ಇಳಿದು ಆ ಮನೆ ತೋರಿಸಿದೆ. ಕಥೆಯನ್ನೆಲ್ಲ ಹೇಳಿದೆ. ಅವ್ವ ಡಾಕ್ಟರ ಬಗ್ಗೆ ಏನೂ ಕೇಳಲಿಲ್ಲ. ಆ ಚೀನಾದ ಹೆಣ್ಣುಮಗಳು ಮಗುವನ್ನು ಯಾರ ಜೊತೆ ಇಟ್ಟುಕೊಂಡು ಬೆಳೆಸಿದಳು ಎಂದು ಎರಡು ಸಲ ಕೇಳಿದಳು.

ತಮ್ಮ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾನೆ, ಒಂಬತ್ತು ತಿಂಗಳಿಗೆ. ಈ ಸಲ ಅವ್ವನಿಗೆ ಅವನೇ ಹೇಳಿದ. ನಾನು ಹೋಗು ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಅವನ ಹೆಂಡತಿಗೆ ಫೋನ್ ಮಾಡಿ ಮಾತಾಡಿದ್ದೇನೆ.