ರಾಯಣ್ಣ ಸುಟ್ಟ ದಫ್ತರಗಳು

ಸಂಗೊಳ್ಳಿ ರಾಯಣ್ಣನ ಹೆಸರು ಕೇಳದವರು ಧಾರವಾಡ ಸೀಮೆಯಲ್ಲಿ ಇರಲಾರರು. ಆದರೆ ಈ ವೀರನು ಸರಕಾರಿ ಕಚೇರಿಗಳಿಗೆ ನುಗ್ಗಿ ದಫ್ತರಗಳನ್ನೇ ಏಕೆ ಸುಟ್ಟನೆಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಅರ್ಥಶಾಸ್ತ್ರ ಓದಿ, ಸೇವಾವಧಿಯನ್ನು ಸರಕಾರಿ ಕಡತಗಳ ನಡುವೆ ಕಳೆದ ನನಗೆ ಅವನ ಬದುಕಿನ ತಿರುಳು ಅಲ್ಲಿಯೇ ಇದೆ ಎನಿಸುತ್ತದೆ.

1798ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಸಂಗೊಳ್ಳಿಯಲ್ಲಿ, ಕುರುಬ ಮನೆತನದಲ್ಲಿ ಜನಿಸಿದ ರಾಯಣ್ಣನು ಕಿತ್ತೂರು ಸಂಸ್ಥಾನದ ಶೇತಸನದಿ. ಊರ ಕಾವಲು ಮತ್ತು ಯುದ್ಧಸೇವೆ ಅವನ ಹೊಣೆ. ಅದಕ್ಕೆ ಪ್ರತಿಫಲ ಸಂಬಳವಲ್ಲ, ಮಾನ್ಯದ ಹೊಲ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಮಾನ್ಯಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಕಿತ್ತೂರು ಕೋಟೆ ಬ್ರಿಟಿಷರ ಕೈಸೇರಿತು. ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದಳು.

ಸಂಸ್ಥಾನ ಅಳಿದೊಡನೆ ಮಾನ್ಯಗಳ ಆಧಾರವೂ ಕುಸಿಯಿತು. ಹೊಸ ಆಡಳಿತವು ಭೂಮಿಯ ಒಂದು ಭಾಗವನ್ನು ವಶಪಡಿಸಿಕೊಂಡು, ಉಳಿದುದಕ್ಕೆ ಭಾರವಾದ ಕಂದಾಯ ವಿಧಿಸಿತು. ಪೀಳಿಗೆಗಳ ಹೊಲವನ್ನು ಕಸಿಯಲು ಸೈನ್ಯ ಬೇಕಾಗಲಿಲ್ಲ, ದಫ್ತರದ ಒಂದು ನಮೂದು ಸಾಕಾಯಿತು. ಆದ್ದರಿಂದಲೇ 1830ರ ಆರಂಭದಲ್ಲಿ ಬೀಡಿಯ ಕಚೇರಿ ಉರಿದುದು ಕೇವಲ ಆವೇಶದ ಕೃತ್ಯವಲ್ಲ. ದತ್ತುಪುತ್ರನನ್ನು ಪಟ್ಟಕ್ಕೆ ತರುವುದು ಬಂಡಾಯದ ಘೋಷಿತ ಗುರಿ. ಅದಕ್ಕೆ ಜನಬಲ ಒದಗಿಸಿದ್ದು ನೆಲ ಕಳೆದುಕೊಂಡವರ ಸಂಕಟ.

ಖಾನಾಪುರ, ಹಳಿಯಾಳದ ದಟ್ಟ ಕಾಡು ಅವನಿಗೆ ಆಶ್ರಯವಾಯಿತು. ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿಯೂ ಇದ್ದನೆಂಬುದು ಜನರ ನೆನಪಿನಲ್ಲಿ ಉಳಿದಿದೆ. ಆಫ್ರಿಕದಿಂದ ಗುಲಾಮರಾಗಿ ಬಂದು, ಗೋವೆಯ ಒಡೆಯರಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಸಂತತಿ ಸಿದ್ದಿಗಳಲ್ಲಿದೆ. ಅದೇ ಕಾಲದ ಅಮೆರಿಕದಲ್ಲಿಯೂ ಇಂಥದೇ ಒಂದು ಕಥೆ ನಡೆಯಿತು. ಫ್ಲಾರಿಡಾದ ಸೆಮಿನೋಲ್ ಜನರು ಓಡಿಬಂದ ಆಫ್ರಿಕನ್ ಗುಲಾಮರೊಡಗೂಡಿ, ನೆಲ ಬಿಡಲೊಪ್ಪದೆ 1835ರಿಂದ ಹೋರಾಡಿದರು. ಅವರ ನಾಯಕ ಒಸಿಯೋಲಾನನ್ನು 1837ರಲ್ಲಿ ಸಂಧಾನದ ಬಿಳಿ ಬಾವುಟದಡಿಯಲ್ಲೇ ಸೆರೆಹಿಡಿಯಲಾಯಿತು. ಮರುವರ್ಷ ಅವನು ಬಂಧನದಲ್ಲಿಯೇ ಮಡಿದನು.

ರಾಯಣ್ಣನೂ ರಣರಂಗದಲ್ಲಿ ಸೋತವನಲ್ಲ. 1830ರ ಏಪ್ರಿಲ್‌ನಲ್ಲಿ ಸ್ವಜನರ ದ್ರೋಹದಿಂದ ಸೆರೆಸಿಕ್ಕನು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದಾಗ ಅವನಿಗೆ ಮೂವತ್ತೆರಡು ವರ್ಷ.

ಇಂದು ಬೆಂಗಳೂರಿನ ರೈಲು ನಿಲ್ದಾಣ ಅವನ ಹೆಸರನ್ನು ಹೊತ್ತಿದೆ. ಆದರೆ ಅವನು ಎತ್ತಿದ ಪ್ರಶ್ನೆ ಇನ್ನೂ ಮುಗಿದಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಇದು ಬರಿಯ ಮೀಸಲಾತಿಯ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನವನ್ನು ತೋರಿಸಿದರೆ ಸಾಕು. ಇತರರು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಒದಗಿಸಬೇಕು. ಒಂದೇ ಕಾಡಿನ ಒಂದೇ ಜನರಿಗೆ ಜಿಲ್ಲೆಯ ಗಡಿರೇಖೆಯೊಂದು ಇಷ್ಟು ಅಂತರ ತಂದಿತ್ತು.

ದಫ್ತರ ಸುಡುವ ಕಾಲ ಇದಲ್ಲ, ಸುಡಬೇಕಾಗಿಯೂ ಇಲ್ಲ. ಅದರಲ್ಲಿ ಬಿಟ್ಟುಹೋದ ಹೆಸರುಗಳನ್ನು ಬರೆಯಬೇಕಾಗಿದೆ. ಪ್ರತಿಮೆಗಳಿಗೆ ಹಾರ ಹಾಕುವ ಆಡಳಿತವು ಅಷ್ಟನ್ನು ಮಾಡಿದರೆ ರಾಯಣ್ಣನ ಋಣದಲ್ಲಿ ಕಿಂಚಿತ್ತಾದರೂ ತೀರೀತು.